ಮೂವತ್ತಾರು ತಗ್ಗುಗಳು

ನಿಂಗಿಯ ಒಂದೇ ಒಂದು ಕೂದಲನ್ನು ಗಾಜಿನ ಪಟ್ಟಿಯ ಮೇಲೆ ನೆಟ್ಟಗೆ ಕೂರಿಸುವುದಕ್ಕೆ ಅಮರಮ್ಮನಿಗೆ ಅರ್ಧ ಗಂಟೆ ಹಿಡಿಯಿತು. ಬುಡ ಯಾವುದು, ತುದಿ ಯಾವುದು ಎಂದು ಎರಡು ಸಲ ಪರೀಕ್ಷಿಸಿದಳು. ಸಮಾಧಾನವಾಗದೆ ಕನ್ನಡಕ ಒರೆಸಿಕೊಂಡು ಮೂರನೆಯ ಸಲವೂ ನೋಡಿದಳು. ತಿರುವುಮುರುವಾದರೆ ಸತ್ತುಹೋದ ಹುಡುಗಿಯ ಕೊನೆಯ ದಿನಗಳು ಮೊದಲ ದಿನಗಳಾಗಿ ದಾಖಲಾಗಿಬಿಡುತ್ತವೆ.

ಹನ್ನೊಂದು ವರ್ಷದ ನಿಂಗಿ ಕೆಂಚಮರಡಿಯ ಹುಲಿಗೆಮ್ಮನ ಮೊಮ್ಮಗಳು. ಹೋದ ವರ್ಷ ಜ್ವರ ನೆತ್ತಿಗೇರಿದಾಗ ತಲೆ ತಂಪಾಗಲೆಂದು ಬುಡಮಟ್ಟ ಬೋಳಿಸಿದ್ದರು. ಅದಾಗಿ ಒಂಬತ್ತನೆಯ ದಿನ ಹುಡುಗಿ ತೀರಿಕೊಂಡಳು. ಯಕೃತ್ತು ಊದಿಕೊಂಡಿತ್ತು ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿತ್ತು. ಯಾಕೆ ಊದಿಕೊಂಡಿತು ಎಂದು ಬರೆದಿರಲಿಲ್ಲ. ಜಡೆಯನ್ನು ಅಜ್ಜಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಈ ವರ್ಷ ದೇಹಸಾಕ್ಷಿ ನಿಯಮ ಜಾರಿಗೆ ಬಂದು, ಚಿನ್ನದ ಗಣಿಯ ಸುತ್ತಲಿನ ಐದು ಊರುಗಳಿಂದ ಮನೆಗೊಂದರಂತೆ ಕೂದಲು ಕೊಡಬೇಕೆಂದಾಗ ಹುಲಿಗೆಮ್ಮ ತನ್ನದರ ಜೊತೆಗೆ ಮೊಮ್ಮಗಳದನ್ನೂ ಕೊಟ್ಟಿದ್ದಳು.

ನಿಯಮ ಸರಳವಾಗಿತ್ತು. ಗಣಿಯವರು ತಿಂಗಳಿಗೊಮ್ಮೆ ಕಳಿಸುವ ನೀರಿನ ವರದಿಯೊಂದೇ ಸಾಲದು, ಆ ನೀರು ಕುಡಿದವರ ಮೈಯೂ ಅದನ್ನು ಒಪ್ಪಬೇಕು. ಕೂದಲು ದಿನಕ್ಕೆ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಬೆಳೆಯುತ್ತದೆ. ಬೆಳೆಯುವ ಹೊತ್ತಿಗೆ ರಕ್ತದಲ್ಲಿ ಏನಿರುತ್ತದೋ ಅದರ ಕಣ ಕೂದಲಿನ ತಿರುಳಿಗೆ ಸೇರಿ ಅಲ್ಲಿಯೇ ಗಟ್ಟಿಯಾಗುತ್ತದೆ. ಯಂತ್ರವು ಬೆಳಕಿನ ಸೂಜಿಯೊಂದನ್ನು ಬುಡದಿಂದ ತುದಿಯವರೆಗೆ ಸರಿಸುತ್ತ, ಹೊರಪದರ ಸುಲಿದು, ತಿರುಳನ್ನು ಚೂರುಚೂರೇ ಆವಿ ಮಾಡಿ, ಅದರಲ್ಲಿರುವ ಆರ್ಸೆನಿಕ್ ಎಷ್ಟು ಎಂದು ಎಣಿಸುತ್ತದೆ. ಹಳ್ಳಿಯ ಭಾಷೆಯಲ್ಲಿ ಅದು ಪಾಷಾಣ. ಚಿನ್ನದ ಕಲ್ಲನ್ನು ಅರೆದಾಗ ಅದೂ ಜೊತೆಗೆ ಹೊರಬೀಳುತ್ತದೆ. ಅರೆದು ಉಳಿದ ರಾಡಿಯನ್ನು ಕಂಪನಿ ಕೆಂಚಮರಡಿಯ ಮೇಲುಗಡೆ ಒಡ್ಡು ಹಾಕಿ ನಿಲ್ಲಿಸಿದೆ. ಯಂತ್ರ ಎಣಿಸಿದ್ದು ಆ ಕ್ಷಣವೇ ಸರ್ಕಾರದ ಮಂಡಳಿಗೂ ಹೋಗುತ್ತದೆ, ಯಾರೂ ಅಳಿಸಲಾಗದು. ಗಣಿಯ ಕೈಯಲ್ಲಿ ಉಳಿದದ್ದು ಷರಾ ಎಂಬ ಒಂದು ಅಂಕಣ ಮಾತ್ರ. ಅದನ್ನು ತುಂಬಬೇಕಾದವಳು ಅಮರಮ್ಮ.

ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಗೆರೆ ಮೂಡಿತು. ಊರಿನ ಬೇರೆಯವರ ಕೂದಲಿನ ಹಾಗೆ ಇದೂ ಮಿತಿಗಿಂತ ಬಹಳ ಮೇಲೆ ಓಡುತ್ತಿತ್ತು. ಆದರೆ ಬೇರೆ ಯಾರ ಗೆರೆಯಲ್ಲಿಯೂ ಇಲ್ಲದ್ದು ಇದರಲ್ಲಿತ್ತು. ಅಲ್ಲಲ್ಲಿ ಗೆರೆ ಸರ್ರನೆ ಕೆಳಗಿಳಿದು, ಎರಡು ದಿನ ತಳದಲ್ಲಿದ್ದು, ಮತ್ತೆ ಮೇಲೇರುತ್ತಿತ್ತು. ಎಣಿಸಿದಳು. ಮೂವತ್ತಾರು ತಗ್ಗುಗಳು.

"ಇದು ಯಂತ್ರದ ದೋಷ," ಎಂದರು ಜಾಗೀರದಾರ. ಅವರು ಗಣಿಯ ಪ್ರಯೋಗಾಲಯದ ಮುಖ್ಯಸ್ಥರು. ಬಾಟಲಿ ತೊಳೆಯಲು ಬಂದಿದ್ದ ಹತ್ತೊಂಬತ್ತರ ಅಮರಮ್ಮನನ್ನು ಸಂಜೆ ಕಾಲೇಜಿಗೆ ಸೇರಿಸಿ ಬಿ.ಎಸ್ಸಿ. ಮಾಡಿಸಿದವರೂ ಅವರೇ. "ಕೂದಲನ್ನು ಸರಿಸುವ ತಿರುಪು ಒಂದು ಸುತ್ತಿಗೆ ಒಂದು ಸೆಂಟಿಮೀಟರ್ ಹೋಗ್ತದ. ಅಂದ್ರ ಮೂವತ್ತು ದಿನ. ಸುತ್ತಿಗೊಮ್ಮೆ ಎಲ್ಲೋ ಹಲ್ಲು ಜಾರತಿರಬೇಕು. ನಾಲ್ಕು ಶಬ್ದ ಬರದ್ರ ಮುಗೀತು."

"ಬೇರೆ ಕೂದಲದಾಗ ಜಾರಿಲ್ಲಲ್ರಿ ಸರ್."

"ಬೇರೆಯವು ಧೂಳಿನಿಂದ ಬಂದಿದ್ದು ಅಂತ ನಮ್ಮ ವಾದ ಐತಿ. ಆರು ವರ್ಷದ ನೀರಿನ ವರದಿ ಶುದ್ಧ ಅದಾವಲ್ಲ. ಎಲ್ಲದಕ್ಕೂ ನಿಮ್ಮದೇ ಸಹಿ ಅದ." ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ನಂಬಿಕೆ ಇತ್ತು. ಅದೇ ಅವಳಿಗೆ ಕಷ್ಟವಾಯಿತು. "ಗುರುವಾರ ವಿಚಾರಣೆ. ದೋಷ ಅಂತ ಬರದ್ರ ಕೂದಲಿನ ಸಾಕ್ಷಿ ಬಿದ್ದುಹೋಗ್ತದ, ಲೈಸೆನ್ಸ್ ಮುಂದುವರೀತದ. ಇಲ್ಲಂದ್ರ ಯಾಕೆ ಇಳೀತು ಅಂತ ನೀವು ಹೇಳಬೇಕಾಗ್ತದ. ಹೇಳ್ತೀರೇನು?"

ಯಾಕೆ ಇಳಿಯಿತೆಂದು ಅವಳಿಗೂ ಗೊತ್ತಿರಲಿಲ್ಲ. ಸಂಜೆ ಓದಿದವರು ಅರ್ಧ ಓದಿದವರು ಎಂದು ಅವಳಿಗೆ ಯಾರೂ ಅಂದಿರಲಿಲ್ಲ, ಅವಳೇ ಅಂದುಕೊಂಡಿದ್ದಳು. ತಗ್ಗುಗಳ ಪಟ್ಟಿಯನ್ನು ಮಡಿಚಿ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಮನೆಗೆ ಹೋದಳು.

ಕಂಪನಿಯ ಕಾಲೊನಿಯಲ್ಲಿ ಅವಳದು ಎರಡು ಕೋಣೆಯ ಮನೆ. ನಲ್ಲಿಯಲ್ಲಿ ಹೊಳೆಯ ನೀರು ಬರುತ್ತದೆ. ಗಂಡ ಶರಣಪ್ಪ ಕಲ್ಲು ಅರೆಯುವ ಗಿರಣಿಯಲ್ಲಿ ಮೇಸ್ತ್ರಿ. ಅವನು ಮಗಳಿಗೆ ಜಡೆ ಹಾಕುತ್ತ ಕುಳಿತಿದ್ದ. ಆರು ವರ್ಷದ ಹುಡುಗಿ ತಲೆ ಅಲ್ಲಾಡಿಸಿದಾಗಲೆಲ್ಲ ಮೊದಲಿಂದ ಹೆಣೆಯುತ್ತಿದ್ದ. ಅಮರಮ್ಮ ಪಟ್ಟಿಯನ್ನು ಹಾಸಿ ತಗ್ಗಿನಿಂದ ತಗ್ಗಿಗೆ ದಿನ ಎಣಿಸತೊಡಗಿದಳು. ಇಪ್ಪತ್ತೆಂಟು. ಇಪ್ಪತ್ತೆಂಟು. ಮೂವತ್ತೈದು. ಇಪ್ಪತ್ತೆಂಟು. ಎಲ್ಲಿಯೂ ಮೂವತ್ತು ಇಲ್ಲ. ತಿರುಪಿನ ಹಲ್ಲು ಜಾರಿದ್ದರೆ ಪ್ರತಿ ಸಲವೂ ಮೂವತ್ತು ದಿನಕ್ಕೇ ಜಾರಬೇಕಿತ್ತು.

"ಏಳರ ಮಗ್ಗಿ ಹೇಳಾಕತ್ತೀಯೇನ?" ಎಂದ ಶರಣಪ್ಪ, ಅವಳ ತುಟಿ ಅಲ್ಲಾಡುವುದನ್ನು ನೋಡಿ.

ಏಳು. ವಾರ. ಅವಳು ಎದ್ದು ಕಪಾಟಿನಿಂದ ತನ್ನ ಓಡಾಟದ ಡೈರಿ ತೆಗೆದಳು. ಪ್ರತಿ ತಿಂಗಳ ಮೊದಲ ಮಂಗಳವಾರ ನೀರಿನ ಮಾದರಿ ತರಲು ಅವಳು ಕೆಂಚಮರಡಿಗೆ ಹೋಗುತ್ತಿದ್ದಳು. ತಲೆ ಬೋಳಿಸಿದ ದಿನದಿಂದ ಹಿಂದಕ್ಕೆ ಎಣಿಸಿ ನೋಡಿದಾಗ ಮೊದಲ ತಗ್ಗು ಅವಳು ಹೋದ ಮರುದಿನಕ್ಕೆ ಬಿತ್ತು. ಎರಡನೆಯದೂ ಹಾಗೆಯೇ. ಒಂದು ಕಡೆ ಗೆರೆ ಅರವತ್ತಮೂರು ದಿನ ಇಳಿಯದೆ ಓಡಿತ್ತು. ಡೈರಿಯಲ್ಲಿ ಆ ತಿಂಗಳ ಪುಟ ಖಾಲಿ. ಮಗಳ ಮೈಮೇಲೆ ಅಮ್ಮನ ಗುಳ್ಳೆ ಎದ್ದಿದ್ದರಿಂದ ಅವಳು ಮನೆಯಲ್ಲಿ ಉಳಿದಿದ್ದಳು, ಆ ತಿಂಗಳು ಕೆಂಚಮರಡಿಗೆ ಯಾರೂ ಹೋಗಿರಲಿಲ್ಲ.

"ನಾ ಹೋದಾಗೊಮ್ಮೆ ಆ ಹುಡುಗಿ ಮೈಯಾಗ ಪಾಷಾಣ ಕಡಿಮಿ ಆಗೇತ್ರಿ," ಎಂದಳು ಅಮರಮ್ಮ. "ನಾ ಬರೋದು ಗೊತ್ತಾಗಿ ಯಾರರ ರಾಡಿಕೆರಿ ತೂಬು ಬಂದ್ ಮಾಡತಿದ್ರೇನು?"

ಶರಣಪ್ಪ ನಕ್ಕ. "ತೂಬು ಬಂದ್ ಮಾಡಿದ್ರ ಬೋರಿಂಗಿನಾಗ ಮರುದಿನಾನೇ ನೀರು ತಿಳಿ ಆಗ್ತದೇನ? ನೀನೇ ಹೇಳತಿದ್ದೆಲ್ಲ, ಕಲ್ಲಿನೊಳಗ ನೀರು ದಿನಕ್ಕೊಂದು ಗೇಣು ಸರೀತದಂತ." ಜಡೆಯ ತುದಿಗೆ ರಿಬ್ಬನ್ನು ಕಟ್ಟಿ, ಮಗಳನ್ನು ಆಚೆ ಕಳಿಸಿ, ದನಿ ತಗ್ಗಿಸಿದ. "ದೋಷ ಅಂತ ಬರದು ಕೊಡು, ಅಮರಿ. ಗಿರಣಿ ನಿಂತ್ರ ಎಂಟುನೂರು ಮಂದಿ ಮನಿಗೆ ಹೋಗ್ತೀವಿ."

ಅವಳು ಮತ್ತೆ ಪಟ್ಟಿಯ ಮೇಲೆ ಬೆರಳಾಡಿಸಿದಳು. ಬೋರಿಂಗಿನ ನೀರು ಬದಲಾಗಿರಲು ಸಾಧ್ಯವಿಲ್ಲ. ಹಾಗಾದರೆ ಬದಲಾದದ್ದು ಹುಡುಗಿ ಕುಡಿದ ನೀರು.

ಮರುದಿನ ರಜೆ ಹಾಕಿ ಬಸ್ಸು ಹಿಡಿದಳು. ಕೆಂಚಮರಡಿಯ ಬೋರಿಂಗಿನ ಕಟ್ಟೆಯ ಮೇಲೆ ದ್ಯಾವಮ್ಮ ಕೊಡ ತುಂಬುತ್ತಿದ್ದಳು. ಅವಳ ಮಗನ ಅಂಗೈಗಳು ಹೋದ ಬೇಸಿಗೆಯಿಂದ ಹುರುಕು ಕಟ್ಟಿ ಗಟ್ಟಿಯಾಗಿದ್ದವು.

"ಏನಕ್ಕಾ, ಇವತ್ತು ಮಂಗಳವಾರ ಅಲ್ಲಲ್ಲ? ಸಂಬಳ ಜಾಸ್ತಿ ಮಾಡ್ಯಾರೇನು, ಎರಡೆರಡು ಸಲ ಬರಾಕತ್ತಿ?"

"ಸುಮ್ಮನ ಬಂದೆ," ಎಂದಳು ಅಮರಮ್ಮ. ದ್ಯಾವಮ್ಮ ಹೋದಮೇಲೆ ತಾನೇ ಬೋರಿಂಗಿನ ಹಿಡಿಕೆ ಹಿಡಿದು ಜಗ್ಗಿದಳು. ಕೊಳವೆಯೊಳಗೆ ನಿಂತ ನೀರು ಹೋಗಿ ತಳದ ನೀರು ಬರಲೆಂದು ಹತ್ತು ನಿಮಿಷ ಜಗ್ಗಬೇಕೆಂದು ನಿಯಮವಿದೆ. ರಟ್ಟೆ ಸೋತವು. ಆಮೇಲೆ ಒಂದು ಲೋಟ ನೀರಿಗೆ ಲವಣ ಅಳೆಯುವ ಕಡ್ಡಿ ಅದ್ದಿದಳು. ಸಾವಿರದ ಒಂಬೈನೂರು. ಆರು ವರ್ಷದಿಂದ ಅವಳು ಬರೆದುಕೊಂಡು ಬಂದ ಅಂಕಿ ನಾನೂರರ ಆಸುಪಾಸಿನದು. ಕಡ್ಡಿ ಒರೆಸಿ ಮತ್ತೆ ಅದ್ದಿದಳು. ಅಷ್ಟೇ.

ಎದುರಿನ ಮನೆಯ ಹೊಸ್ತಿಲಲ್ಲಿ ಹುಲಿಗೆಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. "ಯಾಕಬೇ ಅಮರವ್ವ, ನೀ ಯಾಕ ಜಗ್ಗಾಕತ್ತಿ? ಒಂದು ಮಾತು ಹೇಳಿ ಕಳಿಸಿದ್ರ ತಂದಿಡತಿದ್ದಿಲ್ಲೇನು?"

"ಎಲ್ಲಿಂದ ತರತಿದ್ದಿ, ಆಯಿ?"

"ಗುಡ್ಡದ ಸೆಲಿಯಿಂದ. ಮತ್ತೆಲ್ಲಿಂದ?"

ಅಮರಮ್ಮ ಹಿಡಿಕೆಯನ್ನು ಬಿಡದೆ ನಿಂತಳು.

ಊರ ಹಿಂದಿನ ಗುಡ್ಡದಲ್ಲಿ ಬಂಡೆಯ ಸಂದಿಯಿಂದ ಜಿನುಗುವ ಸೆಲೆಯೊಂದಿದೆ. ತಾಸಿಗೆ ಒಂದು ಕೊಡ ತುಂಬಿದರೆ ಹೆಚ್ಚು. ಊರಿನ ಮನೆಗಳಿಗೆಲ್ಲ ಪಾಳಿ ಉಂಟು. ಆ ಸಿಹಿನೀರನ್ನು ದೇವರಿಗೆ, ಬಾಣಂತಿಗೆ, ಹೊರಗಿನಿಂದ ಬಂದವರಿಗೆ ಎಂದು ಎತ್ತಿಡುತ್ತಾರೆ. ಮನೆಯವರು ಬೋರಿಂಗಿನ ಸವಳು ನೀರನ್ನೇ ಕುಡಿಯುತ್ತಾರೆ. ಇದೆಲ್ಲ ಅಮರಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಅವಳು ಹುಟ್ಟಿದ ಊರಿನಲ್ಲಿಯೂ ಬಂದವರಿಗೆ ಬೇರೆಯೇ ಕೊಡ ಇತ್ತು.

ಆರು ವರ್ಷದ ಹಿಂದೆ ಮೊದಲೆರಡು ಸಲ ಅವಳೇ ಬೋರಿಂಗು ಜಗ್ಗಿ ಬಾಟಲಿ ತುಂಬಿದ್ದಳು. ಮೂರನೆಯ ಸಲ ಬಂದಾಗ ಅವಳಿಗೆ ಏಳು ತಿಂಗಳು. ಹುಲಿಗೆಮ್ಮ ಹೊಸ್ತಿಲ ಮೇಲೆ ತುಂಬಿದ ಕೊಡ ಇಟ್ಟು, "ಈ ಹೊಟ್ಟಿ ಹೊತ್ತು ಅದನ್ನೇನು ಜಗ್ಗತಿ, ನೀರು ತಾನೇ ಬೇಕಿದ್ದು, ತಗೋ," ಎಂದಿದ್ದಳು. ಬೋರಿಂಗು ಆ ಮನೆಯಿಂದ ಹತ್ತು ಹೆಜ್ಜೆ. ಕೊಡದ ನೀರು ಅಲ್ಲಿಯದೇ ಎಂದುಕೊಂಡು ಅವಳು ಬಾಟಲಿಗಳಿಗೆ ಸುರಿದುಕೊಂಡಿದ್ದಳು. ಆಮೇಲೆ ಅದೇ ರೂಢಿಯಾಯಿತು. ಕೇಳಲಿಲ್ಲ. ಆ ತಿಂಗಳಿಂದ ಆರ್ಸೆನಿಕ್, ಹತ್ತರ ಮಿತಿಯ ಅಂಚಿನಲ್ಲಿದ್ದ ಒಂಬತ್ತರಿಂದ ಎರಡಕ್ಕೆ ಇಳಿಯಿತು, ಲವಣವೂ ನಾನೂರಕ್ಕೆ ಇಳಿಯಿತು. ಕಂಪನಿ ಅದೇ ತಿಂಗಳು ರಾಡಿಕೆರೆಗೆ ನೀರು ಸೋಸುವ ಹೊಸ ಶೋಧಕ ಹಾಕಿತ್ತು. ಎಲ್ಲರೂ ಶೋಧಕವನ್ನು ಹೊಗಳಿದರು. ಕೆರೆಯ ಬಾಯಿಗೆ ಹಾಕಿದ ಶೋಧಕ ಅರ್ಧ ಮೈಲು ಆಚೆಯ ಬೋರಿಂಗಿನ ಉಪ್ಪನ್ನು ಒಂದೇ ತಿಂಗಳಲ್ಲಿ ಹೇಗೆ ತೆಗೆಯಿತು ಎಂದು ಯಾರೂ ಕೇಳಲಿಲ್ಲ. ಬಾಟಲಿಯ ಮುಚ್ಚಳವನ್ನು ಮೂರು ಸಲ ತಿರುವಿ ನೋಡುವ ಅಮರಮ್ಮನೂ ಕೇಳಲಿಲ್ಲ.

"ನಾ ಹೋದಮ್ಯಾಲ ಕೊಡದಾಗ ಉಳಿದಿದ್ದು ಏನು ಮಾಡತಿದ್ದಿ, ಆಯಿ?"

"ನಿಂಗಿ ಕುಡೀತಿದ್ದಳು. ಒಂದೆರಡು ದಿನ ಬರತಿತ್ತು. ಮಂಗಳವಾರ ಯಾವಾಗ ಅಂತ ಕೇಳಿದ್ದೇ ಕೇಳಿದ್ದು ಅದು. ನೀ ಬರಾಕ ಮೊದಲೇ ಒಂದು ಲೋಟ ಕೊಡು ಅಂತಿತ್ತು." ಹುಲಿಗೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಂದವರ ನೀರು ಎಂಜಲು ಮಾಡಬಾರದು ಅಂತ ನಾ ಬೈತಿದ್ದೆ."

ಅಮರಮ್ಮ ಹೊಸ್ತಿಲಿಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತಳು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೊದಲು ಕೂದಲಿನ ಬಗ್ಗೆ ಹೇಳಿದಳು. ಆಮೇಲೆ ಗೆರೆ, ತಗ್ಗು, ಮಂಗಳವಾರ. ಬೋರಿಂಗಿನಲ್ಲಿ ಪಾಷಾಣವಿದೆ ಎಂದಳು. ತಾನು ಪರೀಕ್ಷೆಗೆ ಒಯ್ದದ್ದು ಬೋರಿಂಗಿನ ನೀರಲ್ಲ ಎಂದಳು. ಆ ಕಾರಣಕ್ಕೆ ಆರು ವರ್ಷ ಕೆಂಚಮರಡಿಯ ನೀರು ಒಳ್ಳೆಯದೆಂದು ತಾನು ಸಹಿ ಹಾಕಿದೆ ಎಂದಳು. ಒಂದೊಂದು ಮಾತನ್ನೂ ಆದಷ್ಟು ಸಣ್ಣದಾಗಿ, ಸ್ಪಷ್ಟವಾಗಿ ಹೇಳಿದಳು. ಎಲ್ಲಿಯಾದರೂ ತಾನು ತಪ್ಪು ತಿಳಿದುಕೊಂಡಿದ್ದರೆ ಎಂಬ ಆಸೆ ಇನ್ನೂ ಇತ್ತು. ಹುಲಿಗೆಮ್ಮ, "ಇಲ್ಲಬೇ, ಕೆಲವೊಮ್ಮೆ ಬೋರಿಂಗಿಂದು ಇಡತಿದ್ದೆ," ಎಂದು ಬಿಡಬಹುದಿತ್ತು. ಹುಲಿಗೆಮ್ಮ ಹಾಗೆ ಅನ್ನಲಿಲ್ಲ.

ಹುಲಿಗೆಮ್ಮ ಕೇಳಿದಳು: "ನಾ ಆ ಕೊಡ ಇಡದೇ ಇದ್ದಿದ್ರ?"

"ಬೋರಿಂಗು ಅವಾಗೇ ಬಂದ್ ಆಗತಿತ್ತು."

"ನಿಂಗಿಗೆ ಆಗ ಐದು ವರ್ಷ."

"ತಪ್ಪು ನಂದು, ಆಯಿ. ಜಗ್ಗಬೇಕಾದಾಕಿ ನಾನು. ಎಲ್ಲಿ ನೀರು ಅಂತ ಒಂದು ಮಾತು ಕೇಳಲಿಲ್ಲ."

"ನೀ ಬಸುರಿ ಇದ್ದಿ," ಎಂದಳು ಹುಲಿಗೆಮ್ಮ. ಅದು ಸಮಾಧಾನವೋ ಆಪಾದನೆಯೋ ಅಮರಮ್ಮನಿಗೆ ತಿಳಿಯಲಿಲ್ಲ. ಮುಖ ನೋಡುವ ಧೈರ್ಯವಾಗಲಿಲ್ಲ.

ಗುರುವಾರ ಸಾಲೆಯ ದೊಡ್ಡ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮಂಡಳಿಯಿಂದ ಬಂದ ಅಧಿಕಾರಿ ಫರೀದಾ ಬೇಗಂ ಮೇಜಿನ ಹಿಂದೆ, ಕಂಪನಿಯ ಪರವಾಗಿ ಜಾಗೀರದಾರ ಪಕ್ಕದ ಕುರ್ಚಿಯಲ್ಲಿ, ಊರಿನವರು ನೆಲದ ಮೇಲೆ. ಅಮರಮ್ಮ ಷರಾ ಅಂಕಣದಲ್ಲಿ ಬರೆದುಕೊಂಡು ಬಂದಿದ್ದನ್ನು ಓದಿದಳು. ಯಂತ್ರದಲ್ಲಿ ದೋಷವಿಲ್ಲ. ಮಾದರಿಯನ್ನು ಬೋರಿಂಗಿನಿಂದ ತೆಗೆದಿಲ್ಲ, ಬೇರೆ ಪಾತ್ರೆಯಿಂದ ತೆಗೆದಿದ್ದೇನೆ. ಆ ಪಾತ್ರೆಯ ನೀರು ಕುಡಿದ ದಿನಗಳಲ್ಲಿ ಹುಡುಗಿಯ ಮೈಯಲ್ಲಿ ಪಾಷಾಣ ಇಳಿದಿದೆ. ಯಾರ ಪಾತ್ರೆ ಎಂದು ಅವಳು ಬರೆದಿರಲಿಲ್ಲ.

ಜಾಗೀರದಾರ ಎದ್ದು ನಿಂತರು. "ಇಷ್ಟು ವರ್ಷ ಸಹಿ ಹಾಕಿ ಇವತ್ತು ಬೇರೆ ಪಾತ್ರೆ ಅಂತಾರ. ಯಾವ ಪಾತ್ರೆ? ಯಾರದು? ಇವರನ್ನು ಯಾರೋ ಪುಸಲಾಯಿಸಿರಬೇಕು ಮೇಡಂ."

"ಹೆಸರು ಬೇಕಾಗುತ್ತೆ ಅಮರಮ್ಮ," ಎಂದರು ಫರೀದಾ ಬೇಗಂ. "ಇಲ್ಲದಿದ್ದರೆ ನಿಮ್ಮ ಹೊಸ ಮಾತನ್ನೂ ನಾನು ನಂಬುವ ಹಾಗಿಲ್ಲ."

ಅಮರಮ್ಮ ಓದಿದ ಕಾಗದವನ್ನು ಮಡಿಚಿದಳು. ಹಿಂದಿನಿಂದ ಯಾರೋ ನೆಲಕ್ಕೆ ಕೈಯೂರಿ ಏಳುವ ಸದ್ದಾಯಿತು.

"ನಂದ್ರಿ ಕೊಡ," ಎಂದಳು ಹುಲಿಗೆಮ್ಮ. "ಹೋಗಿ ನೋಡ್ರಿ, ಮನಿಯಾಗ ಐತಿ. ಸೆಲಿ ಪಾಳಿ ಸೋಮವಾರಕ್ಕ ಬದಲು ಮಾಡಿಕೊಂಡು ತರತಿದ್ದೆ. ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ."

"ಬೋರಿಂಗಿನ ನೀರು ಪರೀಕ್ಷೆಗೆ ಬೇಕು ಅಂತ ಅವರು ಬಂದಾಗ, ಸೆಲೆಯ ನೀರು ಯಾಕಮ್ಮ ಕೊಟ್ಟಿರಿ?"

"ಪರೀಕ್ಷೆ ಅಂದ್ರ ನನಗೇನು ತಿಳೀತದ್ರಿ. ನೀರಿಗಂತ ಬಂದಿದ್ಲು, ಬಿಸಲಾಗ, ಹೊಟ್ಟಿ ಹೊತ್ತು. ಊರಿಗೆ ಬಂದಾಕಿಗೆ ಸವಳು ನೀರು ಹ್ಯಾಂಗ ಕೊಡಾದು?"

ಫರೀದಾ ಬೇಗಂ ತಮ್ಮ ಮುಂದಿದ್ದ ನಮೂನೆಯನ್ನು ನೋಡಿದರು. ಉದ್ದೇಶ ಎಂಬಲ್ಲಿ ಆಮಿಷ, ಒತ್ತಡ, ನಿರ್ಲಕ್ಷ್ಯ, ಇತರೆ ಎಂದಿತ್ತು. ಪೆನ್ನು ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು. ಕೊನೆಗೆ ಇತರೆ ಎಂಬುದಕ್ಕೆ ಗುರುತು ಹಾಕಿದರು. ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೀರೆಗೆ ಒರೆಸಿಕೊಳ್ಳದೆ ಬೆರಳನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ಹೊರಗೆ ನಡೆದಳು. ಅವಳು ಹಾಯುವಾಗ ಒಬ್ಬಿಬ್ಬರು ಕಾಲು ಒಳಗೆಳೆದುಕೊಂಡರು. "ತಾನೂ ಕಳಕೊಂಡಳು, ನಮ್ಮ ಮಕ್ಕಳಿಗೂ ಕುಡಿಸಿದಳು," ಎಂದಿತು ಒಂದು ಗಂಡಸಿನ ದನಿ.

"ಉಳಿದ ನಾಲ್ಕು ಊರುಗಳಲ್ಲಿ?" ಎಂದು ಕೇಳಿದರು ಫರೀದಾ ಬೇಗಂ.

ಅಮರಮ್ಮ ನೆನಪಿಸಿಕೊಂಡಳು. "ಮೂರು ಊರಾಗ ನಾನೇ ಜಗ್ಗೀನ್ರಿ. ಕಾಟಗಲ್ಲಿನ್ಯಾಗ..." ಅಲ್ಲಿ ಸಾಲೆಯ ಅಡುಗೆಯವಳು ಬಾಟಲಿಗಳನ್ನು ಕೈಯಿಂದ ಕಸಿದುಕೊಂಡು, ಚಹಾ ಕುಡಿ ಎಂದು ಕೂರಿಸಿ, ತಾನೇ ತುಂಬಿ ತಂದುಕೊಡುತ್ತಿದ್ದಳು. "ಕಾಟಗಲ್ಲಿನ್ಯಾಗ ನನಗ ಗೊತ್ತಿಲ್ರಿ."

ಜಾಗೀರದಾರ ತಮ್ಮ ಮುಂದಿನ ಕಡತವನ್ನು ಮುಚ್ಚಿದರು. ಅವಳ ಕಡೆ ನೋಡಲಿಲ್ಲ. ಸಿಟ್ಟಿಗಿಂತ ಆಯಾಸವೇ ಹೆಚ್ಚಾಗಿ ಕಾಣುತ್ತಿತ್ತು ಅವರ ಮುಖದಲ್ಲಿ. ಲೈಸೆನ್ಸನ್ನು ತಡೆಹಿಡಿಯಲಾಯಿತು. ಅಮರಮ್ಮನ ಪ್ರಮಾಣಪತ್ರ ರದ್ದಾಗುವ ಆದೇಶ ಒಂದು ವಾರದೊಳಗೆ ಬರುವುದೆಂದು ತಿಳಿಸಿದರು. ಅಲ್ಲಿಯವರೆಗೆ ಮಾದರಿ ತೆಗೆದ ಜಾಗಗಳನ್ನು ತೋರಿಸಲು ಅವಳು ಮಂಡಳಿಯವರ ಜೊತೆಯಲ್ಲಿರಬೇಕು.

ಮೂರು ಗಂಟೆಗೆ ಬೋರಿಂಗಿನ ಹಿಡಿಕೆ ಬಿಚ್ಚಿದರು. ತುಕ್ಕು ಹಿಡಿದ ನಟ್ಟು ಜಪ್ಪಯ್ಯ ಎಂದರೂ ಕದಲದೆ, ಎಣ್ಣೆ ಬಿಟ್ಟು ಬಡಿದು ತೆಗೆಯಬೇಕಾಯಿತು. ಹೆಂಗಸರು ಖಾಲಿ ಕೊಡಗಳನ್ನು ಸಾಲಿಗಿಟ್ಟು ಟ್ಯಾಂಕರಿನ ದಾರಿ ಕಾಯುತ್ತಿದ್ದರು. ಕಟ್ಟೆಯ ಇನ್ನೊಂದು ತುದಿಯಲ್ಲಿ ಹುಲಿಗೆಮ್ಮ ಒಬ್ಬಳೇ ಕುಳಿತಿದ್ದಳು. ಅವಳ ಹತ್ತಿರ ಯಾರೂ ಕೊಡ ಇಟ್ಟಿರಲಿಲ್ಲ.

ದ್ಯಾವಮ್ಮ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಸಾಲಿನಿಂದ ಹೊರಬಂದಳು. ಹುಲಿಗೆಮ್ಮನ ಎದುರು ನಿಂತಳು. ಅವಳು ಏನಾದರೂ ಅನ್ನುತ್ತಾಳೆಂದು ಉಳಿದವರು ಮಾತು ನಿಲ್ಲಿಸಿದರು. ಮಂಡಳಿಯ ಜೀಪಿನ ಪಕ್ಕದಲ್ಲಿದ್ದ ಅಮರಮ್ಮ ತಲೆ ತಗ್ಗಿಸಿದಳು.

"ಆಯಿ," ಎಂದಳು ದ್ಯಾವಮ್ಮ. "ಬೋರಿಂಗು ನಮ್ಮನಿ ಮುಂದ ಇದ್ದಿದ್ರ ಆ ಕೊಡ ನಾ ಇಡತಿದ್ದೆ."

ಹುಲಿಗೆಮ್ಮ ತಲೆ ಎತ್ತಿ ಅವಳನ್ನು ನೋಡಿದಳು. ಮೊಮ್ಮಗಳು ಸತ್ತಾಗ ಊರ ಮುಂದೆ ಒಂದು ಹನಿಯನ್ನೂ ಕೆಡವದಿದ್ದ ಮುದುಕಿ, ದ್ಯಾವಮ್ಮನ ಸೀರೆಯ ಅಂಚು ಹಿಡಿದುಕೊಂಡು ದೊಡ್ಡ ದನಿ ತೆಗೆದು ಅತ್ತಳು. ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಕಟ್ಟೆಗೆ ಬಂದು ಕುಳಿತರು.

ಅಮರಮ್ಮನನ್ನು ಯಾರೂ ಕರೆಯಲಿಲ್ಲ. ಕರೆಯಲಿ ಎಂದು ಅವಳು ಕಾಯಲೂ ಇಲ್ಲ. ಖಾಲಿ ಬಾಟಲಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕುಳಿತು, ಚಾಲಕನಿಗೆ ಕಾಟಗಲ್ಲಿನ ದಾರಿ ಹೇಳಿದಳು.